ಮೂರನೇ ಪೀಪಾಯಿಯೂ ನನ್ನ ಮೂಗೂ

ಮನುಷ್ಯನ ಐದು ಇಂದ್ರಿಯಗಳಲ್ಲಿ ಮೂಗಿನಷ್ಟು ನಿಷ್ಠೆಯುಳ್ಳದ್ದು ಇನ್ನೊಂದಿಲ್ಲ. ಕಣ್ಣು ಮುಚ್ಚಬಹುದು, ಬಾಯಿ ಕಟ್ಟಬಹುದು, ಕಿವಿಗೆ ಹತ್ತಿ ಇಡಬಹುದು. ಉಸಿರಿರುವ ತನಕ ಮೂಗು ಮಾತ್ರ ತನ್ನ ಕೆಲಸ ಬಿಡುವುದಿಲ್ಲ. ಈ ಗಂಭೀರ ಸತ್ಯವನ್ನು ನಾನು ಅರವತ್ತನಾಲ್ಕು ವರ್ಷ ನಂಬಿದ್ದೆ. ಅರವತ್ತೈದನೆಯ ವರ್ಷದ ಒಂದು ಮಂಗಳವಾರ ಬೆಳಿಗ್ಗೆ, ಹೊಸೂರಿನ ನಮ್ಮ ಮನೆಯ ಒಲೆಯ ಮೇಲೆ ಉಪ್ಪಿಟ್ಟು ಸೀದು ಕರಕಲಾಗುತ್ತಿತ್ತು. ಅದರಿಂದ ಎರಡು ಮಾರು ದೂರದಲ್ಲಿ ನಾನು ಪೇಪರು ಓದುತ್ತ ಕೂತಿದ್ದೆ. ಸ್ನಾನದ ಮನೆಯಿಂದ ಓಡಿ ಬಂದ ನನ್ನ ಹೆಂಡತಿ ಒಲೆ ಆರಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಮನೆ ಸುಟ್ಟೋದ್ರೂ ಪೇಪರ್ ಮುಗಿಸ್ಕಂಡೇ ಏಳ್ತೀರೇನೋ."

"ಯಾಕೆ, ಏನಾಯ್ತು?" ಎಂದೆ.

ಅವಳು ಬಾಣಲೆಯನ್ನು ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಹೊಗೆ ಕಾಣುತ್ತಿತ್ತು. ಅಷ್ಟೇ. ಹೋದ ವಾರ ಬಂದು ಹೋದ ಜ್ವರ, ಹೋಗುವಾಗ ಏನನ್ನು ಜೊತೆಗೆ ಕರಕೊಂಡು ಹೋಗಿದೆ ಅಂತ ನಮಗಿಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಎಲ್ಲರಿಗೂ ಬಂದ ಜ್ವರವೇ ಅದು. ಬೇರೆಯವರ ಮೂಗು ಹದಿನೈದು ದಿನ, ತಿಂಗಳು ರಜಾ ತೆಗೆದುಕೊಂಡು ಕೆಲಸಕ್ಕೆ ಹಾಜರಾಯಿತು. ನನ್ನದು ಆಗಲಿಲ್ಲ. ಬಾಗಲೂರು ರಸ್ತೆಯ ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, "ವರುಂ ಸಾರ್. ವರಾಮಲುಂ ಇರುಕ್ಕಲಾಂ" ಅಂದರು. ಬರುತ್ತೆ, ಬರದೆಯೂ ಇರಬಹುದು. ಇಂಥ ಮಾತಿಗೆ ಫೀಸು ಕೊಡಬೇಕಾಗಿ ಬಂದದ್ದು ನನಗೆ ಅದೇ ಮೊದಲು. ಆಮೇಲೆ ಒಂದು ಚಿಕಿತ್ಸೆ ಹೇಳಿದರು. ಲವಂಗ, ನಿಂಬೆಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಮೂಸಬೇಕು. ಸುಮ್ಮನೆ ಮೂಸಿದರೆ ಸಾಲದು. ಮೂಸುವಾಗ ಆ ವಾಸನೆ ಹಿಂದೆ ಹೇಗಿತ್ತು ಎಂದು ಮನಸ್ಸಿಟ್ಟು ನೆನೆಸಿಕೊಳ್ಳಬೇಕು. ನಾನು ದಿನಕ್ಕೆರಡು ಸಲ, ಸಂಧ್ಯಾವಂದನೆಯ ಶ್ರದ್ಧೆಯಿಂದ, ನಾಲ್ಕು ಬಟ್ಟಲು ಮುಂದಿಟ್ಟುಕೊಂಡು ಕಣ್ಣು ಮುಚ್ಚಿ ಕೂರತೊಡಗಿದೆ. ಪಕ್ಕದ ಮನೆಯವರು ನಾನು ಯಾವುದೋ ಮಂತ್ರೋಪದೇಶ ತೆಗೆದುಕೊಂಡಿದ್ದೇನೆ ಎಂದು ತಿಳಿದು, ನನ್ನನ್ನು ಕಂಡರೆ ಚಪ್ಪಲಿ ಬಿಟ್ಟು ಮಾತಾಡುವಂತಾದರು.

ಇದರಲ್ಲಿ ಅವಮಾನದ ಪಾಲೂ ಇತ್ತು. ನಾನು ಮೂಗಿನಿಂದ ಅನ್ನ ತಿಂದವನು. ಕೋಲಾರದ ಕಡೆಯಿಂದ ಹೊಸೂರಿಗೆ ಬಂದು, ಒಂದು ಮೋಟಾರು ಕಾರ್ಖಾನೆಯ ವೈಂಡಿಂಗ್ ಸೆಕ್ಷನ್ನಿನಲ್ಲಿ ಮೂವತ್ತೊಂದು ವರ್ಷ ತಾಮ್ರದ ತಂತಿ ಸುತ್ತಿದೆ. ಓಡುತ್ತಿರುವ ಮೋಟಾರಿನ ಪಕ್ಕ ಹಾದು ಹೋದರೆ ಸಾಕು, ಒಳಗಿನ ವಾರ್ನಿಷ್ ಬಿಸಿಯೇರುತ್ತಿದೆ, ಇದು ಇನ್ನು ಹತ್ತು ದಿನಕ್ಕೆ ಸುಡುತ್ತದೆ ಎಂದು ಹೇಳುತ್ತಿದ್ದೆ. ಮೀಟರು ಹಿಡಿದ ಇಂಜಿನಿಯರುಗಳು ನಗುತ್ತಿದ್ದರು. ಹನ್ನೊಂದನೆಯ ದಿನ ನಗುತ್ತಿರಲಿಲ್ಲ.

ಆದರೆ ನಿಜವಾದ ಸಂಕಟ ಅದಲ್ಲ. ಮೂಗು ಹೋಗಿ ಒಂದು ವರ್ಷವಾದ ಮೇಲೆ ನನಗೆ ಮೊಮ್ಮಗಳು ಹುಟ್ಟಿದಳು.

ನಮ್ಮಲ್ಲಿ ಯಾರೇ ಎಳೆಮಗುವನ್ನು ಎತ್ತಿಕೊಂಡರೂ ಮೊದಲು ಮಾಡುವ ಕೆಲಸ ನೆತ್ತಿ ಮೂಸುವುದು. ಬಂದ ಬೀಗರು, ನೆರೆಯವರು, ಎಣ್ಣೆ ತಿಕ್ಕಲು ಬರುವ ಅಜ್ಜಿ, ಎಲ್ಲರೂ ಮೂಸಿದರು. ಎಲ್ಲರ ಮುಖದ ಮೇಲೂ ಒಂದೇ ಥರದ ಪೆದ್ದುನಗೆ ಹರಡಿತು. ಸರದಿ ನನಗೆ ಬಂದಾಗ ನಾನೂ ಮೂಗೊತ್ತಿ "ಆಹಾ" ಎಂದೆ. ಕೋರ್ಟಿನಲ್ಲಾಗಿದ್ದರೆ ಅದನ್ನು ಸುಳ್ಳು ಸಾಕ್ಷಿ ಅನ್ನುತ್ತಾರೆ. ಮಗು ಬೆಚ್ಚಗಿತ್ತು, ನೆತ್ತಿ ಪುಕಪುಕ ಅನ್ನುತ್ತಿತ್ತು, ಕೂದಲು ರೇಷ್ಮೆಯಂತಿತ್ತು. ಯಾವ ವಾಸನೆಯೂ ಇರಲಿಲ್ಲ. ಗಾಜಿನ ಆಚೆಗಿರುವ ಮಗುವನ್ನು ಮುದ್ದಿಸಿದ ಹಾಗೆ.

"ಆ ವಾಸನೆ ಎಷ್ಟು ದಿನ ಇರ್ತದೆ?" ಎಂದು ಒಂದು ದಿನ ಹೆಂಡತಿಯನ್ನು ಕೇಳಿದೆ.

ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ. "ಹಲ್ಲು ಬಂದು, ನಮ್ಮ ಊಟ ತಿನ್ನೋಕೆ ಸುರು ಮಾಡಿದ ಮೇಲೆ ಹೋಗ್ತದೆ. ವರ್ಷ ತುಂಬೋ ಹೊತ್ಗೆ ಇರಲ್ಲ."

ಈ ಮಾತಾಡುವಾಗ ಮಗುವಿಗೆ ಹತ್ತು ತಿಂಗಳು. ಕೆಳಗೆ ಎರಡು ಹಲ್ಲು ಬಂದಿದ್ದವು.

ಅಂದಿನಿಂದ ನಾನು ಡಾಕ್ಟರ ನಾಲ್ಕು ಬಟ್ಟಲು ಬಿಟ್ಟು ಊರು ಸುತ್ತತೊಡಗಿದೆ. ತುಂಬ ಹಳೆಯ ಪರಿಚಯದ, ಜೋರಾದ ವಾಸನೆಯೊಂದು ಎದುರಾದರೆ ಮೂಗು ಬೆಚ್ಚಿ ಏಳಬಹುದು ಎಂಬುದು ನನ್ನ ಸಿದ್ಧಾಂತ. ಹಳೆಯ ದೋಸ್ತನ ರೀವೈಂಡಿಂಗ್ ಅಂಗಡಿಗೆ ಹೋಗಿ, ಸುಟ್ಟ ಕಾಯಿಲಿನ ಮೇಲೆ ಬಗ್ಗಿ ನಿಂತೆ. ಮೀನು ಮಾರ್ಕೆಟ್ಟಿನಲ್ಲಿ ಏನೂ ಕೊಳ್ಳದೆ ಮುಕ್ಕಾಲು ಗಂಟೆ ನಿಂತು ಅನುಮಾನಕ್ಕೆ ಗುರಿಯಾದೆ. ರಾಯಕೋಟೆ ರಸ್ತೆಯಲ್ಲಿ ಉದ್ದನಪಲ್ಲಿ ದಾಟಿದ ಮೇಲೆ ಒಬ್ಬರು ಕೊತ್ತಂಬರಿ ಕೀಳುತ್ತಿದ್ದರು. ಅವರ ಹೊಲದ ನಡುವೆ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಅವರು ತಂಬಿಗೆಯಲ್ಲಿ ನೀರು ತಂದು ಕೊಟ್ಟು, ಅತ್ತ ಮುಖ ಮಾಡಿ ನಿಂತರು. ಅವರ ಸಭ್ಯತೆ ದೊಡ್ಡದು.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಗುಮ್ಮಳಾಪುರದ ಹತ್ತಿರದ ಆ ವೈನಿನ ಮನೆ.

ಅದು ದೊಡ್ಡ ಕಂಪನಿಯದಲ್ಲ. ಒಂದು ರೈತ ಕುಟುಂಬದ್ದು. ಎರಡೂವರೆ ಎಕರೆ ದ್ರಾಕ್ಷಿ, ಮೂರು ಮರದ ಪೀಪಾಯಿ, ಒಂದು ಸ್ಟೀಲ್ ಟ್ಯಾಂಕು, ಬಂದವರು ಕೂತು ರುಚಿ ನೋಡುವುದಕ್ಕೆ ಒಂದು ಕೋಣೆ. ಗಡಿ ಅಲ್ಲಿ ಹೊಲದ ಬದುವಿನ ಹಾಗೆ ಓಡುತ್ತದೆ. ಕೋಣೆ ಯಾವ ರಾಜ್ಯಕ್ಕೆ ಸೇರಿದ್ದು, ಬಳ್ಳಿ ಯಾವ ರಾಜ್ಯಕ್ಕೆ ಸೇರಿದ್ದು ಎಂಬುದು ಪರವಾನಗಿ ಕಾಗದದಲ್ಲಿದೆಯಂತೆ; ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದಾರೆ, ನಾನು ಓದಿಲ್ಲ. ಹಲವು ವರ್ಷದ ಹಿಂದೆ ಅವರ ಪಂಪಿನ ಮೋಟಾರು ಸುಟ್ಟಾಗ ರಿಪೇರಿಗೆ ನನ್ನನ್ನು ಕರೆಸಿದ್ದರು. ಕೋಣೆಯೊಳಕ್ಕೆ ಕಾಲಿಟ್ಟವನೇ ನಾನು, "ಮೋಟಾರು ಆಮೇಲೆ ನೋಡೋಣ, ಆ ಮೂಲೆ ಪೀಪಾಯಿ ಹುಳಿ ತಿರುಗ್ತಾ ಇದೆ" ಎಂದುಬಿಟ್ಟೆ. ನೋಡಿದರೆ ನಿಜ. ಅಂದಿನಿಂದ ಆ ಮನೆಯಲ್ಲಿ ನನಗೆ ಒಂದು ಸ್ಥಾನ. ಪ್ರತಿ ವರ್ಷ ಬಾಟಲಿಗೆ ತುಂಬುವ ಮುಂಚೆ ನನ್ನನ್ನು ಕರೆಸಿ, ಒಂದು ಗ್ಲಾಸು ಕೈಗೆ ಕೊಟ್ಟು, ಮನೆಮಂದಿಯೆಲ್ಲ ಜಾತಕ ತೋರಿಸಲು ಬಂದವರಂತೆ ಎದುರಿಗೆ ನಿಲ್ಲುತ್ತಿದ್ದರು. ಮೂಗು ಹೋದ ಮೇಲೆ ಎರಡು ವರ್ಷ ನಾನು ಆ ಕಡೆ ತಲೆ ಹಾಕಿರಲಿಲ್ಲ. ಫೋನು ಬಂದಾಗ ಮಂಡಿ ನೋವು ಅನ್ನುತ್ತಿದ್ದೆ. ಮಂಡಿಗೆ ಏನೂ ಆಗಿರಲಿಲ್ಲ.

ಹೋಗಿದ್ದು ಶ್ರಾವಣದಲ್ಲಿ. ಬೇಕೆಂದೇ ಆ ಕಾಲ ಆರಿಸಿಕೊಂಡೆ, ಯಾಕೆಂದರೆ ಶ್ರಾವಣದಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಕಟಾವಿನ ಕಾಲದಲ್ಲಾದರೆ ಬೆಂಗಳೂರಿನಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಟೋಪಿ ಹಾಕಿಕೊಂಡ ಜನ ದ್ರಾಕ್ಷಿ ತುಳಿದು, ಪಾದದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಂಥವರ ಮುಂದೆ ಗ್ಲಾಸಿಗೆ ಮೂಗಿಟ್ಟು ಪೆದ್ದುಪೆದ್ದಾಗಿ ನಿಲ್ಲುವುದು ನನಗೆ ಬೇಡವಾಗಿತ್ತು. ಹೊರಟಾಗ ಹೆಂಡತಿ, "ಶ್ರಾವಣ ಶನಿವಾರ, ಅದೂ ವೈನು ಕುಡಿಯೋಕೆ" ಎಂದಳು. ಔಷಧಿ ಎಂದೆ. "ಹಂಗಂದ್ಕಂಡೇ ಎಲ್ಲಾರೂ ಕುಡಿಯೋದು" ಎನ್ನುತ್ತ ಹೆಲ್ಮೆಟ್ ತಂದು ಕೊಟ್ಟಳು.

ತಳಿ ಊರು ದಾಟಿ ಹೋಗುವ ಆ ರಸ್ತೆ ನನಗೆ ಮೂಗಿನಿಂದಲೇ ಗೊತ್ತಿದ್ದ ರಸ್ತೆ. ಮೊದಲು ಗುಲಾಬಿಯ ಪ್ಲಾಸ್ಟಿಕ್ ಮನೆಗಳು, ಅಲ್ಲಿ ಹೂವಿಗಿಂತ ಔಷಧಿಯ ಘಾಟು. ಆಮೇಲೆ ನೀಲಗಿರಿ ತೋಪು. ಕೆರೆ ಏರಿಯ ಮೇಲೆ ಕೆಸರು, ಎಮ್ಮೆ. ಅದಾದ ಮೇಲೆ ಎಲೆಕೋಸು ಕೊಯ್ದು ಬಿಟ್ಟ ಹೊಲ, ಅದನ್ನು ದಾಟುವಾಗ ಉಸಿರು ಬಿಗಿಹಿಡಿದು ಸ್ಕೂಟರನ್ನು ಜೋರು ಮಾಡುತ್ತಿದ್ದೆ. ಈಗ ಎಲ್ಲವೂ ಇದ್ದಲ್ಲೇ ಇದ್ದವು. ಕೋಸಿನ ಹೊಲ ಬಂದಾಗ ನಾನು ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಎದೆ ತುಂಬ ಉಸಿರೆಳೆದೆ. ಕೊಳೆತ ಕೋಸಿಗಾಗಿ ಮನುಷ್ಯ ಹಂಬಲಿಸಬಹುದು ಎಂದು ಯಾರಾದರೂ ಹಿಂದೆ ಹೇಳಿದ್ದರೆ ನಾನು ಅವರನ್ನು ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ.

ವೈನಿನ ಮನೆಯ ಗೇಟು ತೆರೆದಿತ್ತು. ಬಳ್ಳಿಗಳಲ್ಲಿ ಬರೀ ಎಲೆ. ರುಚಿ ನೋಡುವ ಕೋಣೆ ಮೊದಲು ರೇಷ್ಮೆ ಹುಳು ಸಾಕುತ್ತಿದ್ದ ಮನೆ. ಉದ್ದಕ್ಕೆ, ಸುಣ್ಣ ಬಳಿದು, ಕಿಟಕಿಗಳಿಗೆ ಸಣ್ಣ ಜಾಲರಿ. ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳನ್ನು ಬೆಂಗಳೂರಿನವರು ಮೆಚ್ಚಿದರೆಂದು ಗೋಡೆಗೆ ಅಲಂಕಾರವಾಗಿ ತೂಗುಹಾಕಿದ್ದಾರೆ. ಆ ದಿನ ಎತ್ತರದ ಸ್ಟೂಲುಗಳನ್ನೆಲ್ಲ ಮಗುಚಿ ಒಂದರ ಮೇಲೊಂದು ಪೇರಿಸಿದ್ದರು. ಗ್ಲಾಸುಗಳಿಗೆ ದಿನಪತ್ರಿಕೆ ಹೊದಿಸಿತ್ತು. ರುಚಿ ನೋಡುವ ಉದ್ದನೆಯ ಮೇಜಿನ ಮೇಲೆ ಕಡಲೆಕಾಯಿ ರಾಶಿ ಹಾಕಿಕೊಂಡು ಮನೆಯ ಯಜಮಾನಿ, ಎಪ್ಪತ್ತೈದು ದಾಟಿದ ಮುದುಕಿ, ಸುಲಿಯುತ್ತ ಕೂತಿದ್ದರು. ವೈನು ಉಗಿಯಲೆಂದು ಇಟ್ಟಿದ್ದ ಬೆಳ್ಳಿಬಣ್ಣದ ಬಕೆಟ್ಟು ಸಿಪ್ಪೆಯಿಂದ ಅರ್ಧ ತುಂಬಿತ್ತು.

"ಮಂಡಿ ವಾಸಿ ಆಯ್ತೇನಪ್ಪ?" ಎಂದರು.

"ಪರವಾಗಿಲ್ಲ ಅವ್ವ."

ಒಳಗಿನಿಂದ ಅವರ ಮಗ ಬಂದ. ವೈನು ಮಾಡುವವನು ಅವನೇ. ನಲವತ್ತೈದರ ಆಳು, ಮಾತಿಗೆ ಮೂರು ಭಾಷೆ ಬಳಸುತ್ತಾನೆ. ಖುಷಿಯಾದಾಗ ತೆಲುಗು ಬರುತ್ತದೆ. "ರಂಡಿ ಸಾರ್, ರಂಡಿ. ಒಳ್ಳೆ ಟೈಮಿಗೆ ಬಂದ್ರಿ. ಇವತ್ತು ನೀವು ಬರ್ಲಿಲ್ಲ ಅಂದಿದ್ರೆ ನಾನೇ ಬಂದು ನಿಮ್ಮನ್ನ ಎತ್ತಾಕ್ಕೊಂಡು ಬರೋನು."

ವಿಷಯ ಇಷ್ಟು. ಬಾಟಲಿ ತುಂಬುವ ಯಂತ್ರ ಬಾಡಿಗೆಯದು, ಮಾರನೆಯ ದಿನ ಬೆಳಿಗ್ಗೆ ಬರುವುದಿತ್ತು. ಅದಕ್ಕೆ ಮೊದಲು ಮೂರೂ ಪೀಪಾಯಿಯ ವೈನನ್ನು ಟ್ಯಾಂಕಿಗೆ ಬಿಟ್ಟು ಒಂದು ಮಾಡಬೇಕು. ಮೂರನೇ ಪೀಪಾಯಿಯ ಮೇಲೆ ಅವನಿಗೆ ಅನುಮಾನ. ಅದು ಹುಳಿ ತಿರುಗಿದ್ದರೆ ಉಳಿದೆರಡನ್ನೂ ಕೆಡಿಸುತ್ತದೆ. ಲ್ಯಾಬಿಗೆ ಕಳಿಸಿದರೆ ಉತ್ತರ ಬರುವುದಕ್ಕೆ ನಾಲ್ಕು ದಿನ.

"ಅನುಮಾನ ಅಂದ್ರೆ ಹೆಂಗ್ಲಾ ಬಂತು?" ತಾಯಿ ಕಡಲೆಕಾಯಿಂದ ಕಣ್ಣೆತ್ತದೆ ಕೇಳಿದರು. "ಮೂಸ್ದೆ ಅನುಮಾನ ಬತ್ತದಾ?"

"ಮೂಸ್ಲಿಲ್ಲಮ್ಮ. ಪಕ್ಕದಾಗೆ ಹೋಗ್ತಿದ್ದೆ, ಗಾಳಿ ಬಂತು."

"ಗಾಳಿ ಬಂದ್ರೆ ಮೂಗು ಮುಚ್ಕಬೇಕು ಕಣ್ಲಾ."

ಈ ಮನೆಯ ಶ್ರಾವಣದ ಕಾನೂನನ್ನು ಇಲ್ಲಿ ವಿವರಿಸಬೇಕು. ಯಜಮಾನಿಯ ವ್ರತ ಮನೆಮಂದಿಗೆಲ್ಲ ಅನ್ವಯಿಸುತ್ತದೆ. ಆ ತಿಂಗಳು ವೈನು ಮಾರಬಹುದು, ಕುಡಿಯುವಂತಿಲ್ಲ. ಪೀಪಾಯಿ ತೊಳೆಯಬಹುದು, ನಾಲಿಗೆಗೆ ಹನಿ ಮುಟ್ಟಿಸುವಂತಿಲ್ಲ. ಮೂಸುವುದು ಕುಡಿಯುವುದರಲ್ಲಿ ಸೇರುತ್ತದೋ ಇಲ್ಲವೋ ಎಂಬ ಸೂಕ್ಷ್ಮ ಪ್ರಶ್ನೆ ಹಿಂದೊಮ್ಮೆ ಎದ್ದಾಗ, ಸೇರುತ್ತದೆ ಎಂದು ಅವರು ತೀರ್ಪು ಕೊಟ್ಟಿದ್ದರು. ಮೇಲ್ಮನವಿಗೆ ಅವಕಾಶವಿಲ್ಲ.

"ನಂಗೇನಿಲ್ಲ ಸಾರ್, ಕದ್ದು ಒಂದು ತೊಟ್ಟು ನೋಡ್ಬಹುದು," ಮಗ ನನ್ನ ಕಿವಿಯ ಹತ್ತಿರ ಹೇಳಿದ. "ಆದ್ರೆ ಅಮ್ಮ ರಾತ್ರಿ ಊಟಕ್ಕೆ ಬಡಿಸೋವಾಗ ಬಾಯಿ ಮೂಸ್ತಾಳೆ. ರೇಷ್ಮೆ ಹುಳದ ಮನೆ ನಡೆಸ್ದೋಳು. ಒಂದು ತಟ್ಟೇಲಿ ಒಂದು ಹುಳಕ್ಕೆ ರೋಗ ಬಂದ್ರೆ ಬಾಗ್ಲಲ್ಲೇ ನಿಂತು ಹೇಳೋಳು. ಮಲ್ಲಿಗೆ ಮುಡಿದೋರನ್ನ ಹೊಸ್ಲು ದಾಟಕ್ಕೇ ಬಿಡ್ತಿರ್ಲಿಲ್ಲ, ವಾಸನೆಗೆ ಹುಳ ಮೇವು ಬಿಡ್ತದೆ ಅಂತ."

"ಹಾಗಾದ್ರೆ ವರ್ಷಕ್ಕೆ ಎಷ್ಟು ತಿಂಗಳು ನಿಮ್ಮ ವ್ಯಾಪಾರ?" ಎಂದೆ.

"ಯಾಕ್ ಕೇಳ್ತೀರ. ನಮ್ಮೋರಿಗೆ ಶ್ರಾವಣ. ಅದು ಮುಗೀತು ಅನ್ನೋ ಹೊತ್ಗೆ ತಮಿಳ್ರಿಗೆ ಪುರಟಾಸಿ ತಿಂಗ್ಳ ವ್ರತ. ಆಮೇಲೆ ಎಲ್ಲಾರೂ ಸೇರಿ ಅಯ್ಯಪ್ಪಂಗೆ ಮಾಲೆ ಹಾಕ್ಕಂತಾರೆ. ಹೋದ ತಿಂಗ್ಳು ಡೆಂಕಣಿಕೋಟೆ ಕಡೆಯಿಂದ ಆನೆ ಬಂದಿತ್ತು ಸಾರ್. ಪಕ್ಕದ ಹೊಲದ ಕೋಸೆಲ್ಲಾ ತಿಂತು. ನಮ್ಮ ಬೇಲಿ ಹತ್ರ ನಿಂತ್ಕಂತು, ಸೊಂಡ್ಲು ಎತ್ತಿ ಮೂಸ್ತು, ಹೊಂಟೋಯ್ತು. ಅದೂ ಏನೋ ಹರಕೆ ಹೊತ್ತಿತ್ತು ಅನ್ನಿಸ್ತದೆ."

ಆನೆ ಮೂಸಿತು ಎಂಬ ಮಾತಿಗೆ ನನಗೆ ಹೊಟ್ಟೆಕಿಚ್ಚಾಯಿತು.

ಆಗಲೇ ಹೇಳಿಬಿಡಬೇಕಾಗಿತ್ತು. ನನ್ನ ಮೂಗು ಸತ್ತು ಎರಡು ವರ್ಷವಾಯಿತು, ನಾನು ಬಂದದ್ದು ನಿಮಗೆ ಸಹಾಯ ಮಾಡಲು ಅಲ್ಲ, ನಿಮ್ಮ ಪೀಪಾಯಿಯಿಂದ ಏನಾದರೂ ಗಿಟ್ಟುತ್ತದೋ ಎಂದು ಬೇಡಲು. ಎರಡು ವಾಕ್ಯ. ಹೇಳಲಿಲ್ಲ. ಸ್ವಲ್ಪ ಜಂಬ, ಸ್ವಲ್ಪ ಆಸೆ. ಇಷ್ಟು ಬೇಕಾದವನಾಗಿ ನಿಂತಿರುವಾಗ ಮೂಗು ಕೈಬಿಡಲಾರದು ಎಂದು ಒಳಗೊಳಗೇ ಲೆಕ್ಕ ಹಾಕಿದೆ. ಪರೀಕ್ಷೆಯ ದಿನ ಬಂದರೆ ಓದದ ಪಾಠವೂ ನೆನಪಾದೀತು ಅನ್ನುವಂಥ ಲೆಕ್ಕ ಅದು.

ಮಗ ಮೂರನೇ ಪೀಪಾಯಿಯ ಬಿರಡೆ ತೆಗೆದು, ಉದ್ದನೆಯ ಗಾಜಿನ ಕೊಳವೆ ಇಳಿಸಿ, ಎರಡು ಗುಟುಕು ವೈನನ್ನು ಗ್ಲಾಸಿಗೆ ಬಿಟ್ಟ. ತಾನು ಮೂಗು ಮುಚ್ಚಿಕೊಂಡು ಮೂರು ಹೆಜ್ಜೆ ಹಿಂದೆ ಸರಿದು ನಿಂತ. ಮುದುಕಿ ಸುಲಿಯುವುದನ್ನು ನಿಲ್ಲಿಸಿದರು.

ನಾನು ಗ್ಲಾಸನ್ನು ವಾಲಿಸಿ ಬಣ್ಣ ನೋಡಿದೆ. ಕಪ್ಪು ನೇರಳೆ, ಅಂಚಿಗೆ ಕೆಂಪು. ಸುತ್ತಿಸಿದೆ. ಮೂಗಿಟ್ಟೆ. ಏನೂ ಇಲ್ಲ. ತಣ್ಣನೆಯ ಗಾಜು. ಮತ್ತೆ ಸುತ್ತಿಸಿ, ಡಾಕ್ಟರು ಹೇಳಿಕೊಟ್ಟ ಹಾಗೆ ಕಣ್ಣು ಮುಚ್ಚಿ, ಈ ಕೋಣೆಯಲ್ಲಿ ನಿಂತು ಹಿಂದೆ ಮೂಸಿದ್ದನ್ನು ನೆನೆಸಿಕೊಂಡೆ. ಇನ್ನೊಂದು ಸಲ. ಮೂರನೆಯ ಸಲ ಎಳೆದ ಉಸಿರಿನ ಕೊನೆಗೆ ಅದು ಬಂತು.

ಮೊದಲು ನೇರಳೆ ಹಣ್ಣು, ಬಿಸಿಲಿಗೆ ಬಿದ್ದು ಒಡೆದದ್ದು. ಆಮೇಲೆ ಹಸಿ ಮರ. ಅದರ ಹಿಂದೆ ತುಂಬ ಮೆಲ್ಲಗೆ, ಈ ಗೋಡೆಗಳಿಗೆ ಅಂಟಿಕೊಂಡೇ ಉಳಿದಿದ್ದ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಒಂದೊಂದಾಗಿ, ಮದುವೆ ಮನೆಗೆ ನೆಂಟರು ಬರುವ ಹಾಗೆ, ಪರಿಚಯದ ಮುಖಗಳೇ ಎಲ್ಲ. ಕನ್ನಡಕ ತೆಗೆದು ಒರೆಸಿಕೊಂಡೆ. ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ವೈನಲ್ಲ. ಹೊಸೂರಿಗೆ ಹಿಂದಿರುಗುವುದಕ್ಕೆ ಎಷ್ಟು ಹೊತ್ತು ಬೇಕು, ಮಗು ಎದ್ದಿರುತ್ತದೋ ಮಲಗಿರುತ್ತದೋ, ಮಲಗಿದ್ದರೆ ಇನ್ನೂ ಒಳ್ಳೆಯದು.

ಒಂದು ಗುಟುಕು ಕುಡಿದೆ. ಹುಳಿ ಇತ್ತು. ವೈನು ಯಾವಾಗಲೂ ಸ್ವಲ್ಪ ಹುಳಿಯೇ.

"ಚೆನ್ನಾಗಿದೆ," ಎಂದೆ. "ನೇರಳೆ ಹಣ್ಣಿನ ಹಾಗೆ ಇದೆ. ಸೇರಿಸಿ."

ಮಗ ಎದೆಯಿಂದ ದೊಡ್ಡ ಉಸಿರು ಬಿಟ್ಟು, "ಇನ್ನೇನ್ ಬೇಕು ಸಾರ್" ಎಂದು ಪೈಪು ತರಲು ಹೋದ. ಮುದುಕಿ ಮಾತ್ರ ನನ್ನನ್ನೇ ಒಂದು ಗಳಿಗೆ ನೋಡಿ, ಮತ್ತೆ ಕಡಲೆಕಾಯಿಗೆ ಕೈಹಾಕಿದರು.

ನಾನು ಗ್ಲಾಸಿಟ್ಟು ಹೊರಗೆ ಓಡಿದೆ. ಸಿಕ್ಕಿದ್ದನ್ನೆಲ್ಲ ಮೂಸುವ ಆತುರ ನನಗೆ. ಅಂಗಳದ ಪಕ್ಕದ ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ನಿಂತೆ. ಹಸು ಬೆಚ್ಚಗೆ ಉಸಿರು ಬಿಟ್ಟಿತು. ಏನೂ ಇಲ್ಲ. ಗಾಳಿ ಆ ಕಡೆಗಿರಬಹುದು ಎಂದುಕೊಂಡು ತಿಪ್ಪೆಯ ಹತ್ತಿರ ಹೋಗಿ ಬಗ್ಗಿದೆ. ಇಲ್ಲ. ಬೇಲಿಯ ಹತ್ತಿರ ತುಳಸಿ ಇತ್ತು. ಎಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ಮೂಗಿನ ಹೊಳ್ಳೆಗೇ ಒತ್ತಿದೆ. ಕೊನೆಗೆ ಸ್ಕೂಟರಿನ ಸೀಟೆತ್ತಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಅದರೊಳಗೆ ಮೂಗಿಟ್ಟೆ. ಕಣ್ಣು ಉರಿಯಿತು, ತಲೆ ತಿರುಗಿತು. ವಾಸನೆ ಇರಲಿಲ್ಲ.

ಸ್ಕೂಟರಿಗೆ ಒರಗಿ ನಿಂತೆ. ಗ್ಲಾಸಿನಲ್ಲಿ ನಾನು ಮೂಸಿದ್ದು ಈ ವರ್ಷದ ಮೂರನೇ ಪೀಪಾಯಿಯನ್ನಲ್ಲ. ಎಂದೋ ಇದೇ ಕೋಣೆಯಲ್ಲಿ ಮೂಸಿದ್ದ ಯಾವುದೋ ಒಳ್ಳೆಯ ವರ್ಷವನ್ನು. ಎರಡು ವರ್ಷ ದಿನಕ್ಕೆರಡು ಸಲ ಕಣ್ಣು ಮುಚ್ಚಿ ಕೂತು, ನಾನು ಮೂಸುವುದನ್ನಲ್ಲ, ನೆನೆಸಿಕೊಳ್ಳುವುದನ್ನು ಕಲಿತಿದ್ದೆ. ಅದನ್ನು ಮಾತ್ರ ಬೇಕಾದ್ದಕ್ಕಿಂತ ಚೆನ್ನಾಗಿ ಕಲಿತಿದ್ದೆ. ಮತ್ತೆ ಇನ್ನೊಂದು ವಿಚಾರ ಹೊಳೆಯಿತು: ಮಗುವಿನ ನೆತ್ತಿಗೆ ಈ ವಿದ್ಯೆಯೂ ನಡೆಯುವುದಿಲ್ಲ. ನಮ್ಮ ಮಕ್ಕಳದ್ದು ನೆನಪಿನಿಂದ ಎಂದೋ ಅಳಿಸಿಹೋಗಿದೆ, ಈ ಮಗುವಿನದನ್ನು ನಾನು ಒಮ್ಮೆಯೂ ಮೂಸಿಲ್ಲ. ನೆನೆಸಿಕೊಳ್ಳುವುದಕ್ಕೆ ಏನಿದೆ?

ಸ್ಕೂಟರು ಸ್ಟಾರ್ಟ್ ಮಾಡಿ ಹೊರಟುಬಿಡಬಹುದಾಗಿತ್ತು. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಗ ಕೋಣೆಯೊಳಗಿನಿಂದ ಪಂಪು ಶುರುವಾದ ಸದ್ದು ಕೇಳಿತು. ನಾನೇ ಸುತ್ತಿದ ಮೋಟಾರು. ಬಹಳ ನುಣ್ಣಗೆ ಓಡುತ್ತಿತ್ತು.

ಒಳಗೆ ಹೋಗುವ ಹೊತ್ತಿಗೆ ಮೊದಲನೇ ಪೀಪಾಯಿ ಟ್ಯಾಂಕಿಗೆ ಹರಿಯುತ್ತಿತ್ತು. ಮಗ ಮೂರನೆಯದರ ಬಿರಡೆ ತೆಗೆದಿಟ್ಟುಕೊಂಡು ಸರದಿಗೆ ಕಾಯುತ್ತಿದ್ದ.

"ಮೂರನೇದನ್ನ ಮುಟ್ಟಬೇಡ," ಎಂದೆ. "ಪಂಪು ನಿಲ್ಲಿಸು."

"ಯಾಕ್ ಸಾರ್? ಚೆನ್ನಾಗೈತೆ ಅಂದ್ರಿ."

"ನಂಗೆ ಗೊತ್ತಿಲ್ಲ ಅದು ಚೆನ್ನಾಗಿದೆಯೋ ಇಲ್ವೋ. ನಂಗೆ ವಾಸನೆ ಬರಲ್ಲ. ಜ್ವರ ಬಂದಾಗಿಂದ ಬರ್ತಿಲ್ಲ."

ಅವನು ಸ್ವಿಚ್ಚು ಆರಿಸಿದ. ಅವನ ಮುಖದಲ್ಲಿ ಕೋಪ ಬರಲು ಹೊರಟು, ದಾರಿಯಲ್ಲಿ ಮನಸ್ಸು ಬದಲಾಯಿಸಿ, ಬರೀ ಆಶ್ಚರ್ಯವಾಗಿ ನಿಂತಿತು. "ಮತ್ತೆ ನೇರಳೆ ಹಣ್ಣು ಅಂದ್ರಲ್ಲಾ ಸಾರ್. ಕಣ್ಣಾಗೆ ನೀರು ಬೇರೆ ಹಾಕ್ಕೊಂಡ್ರಿ."

"ಅದು ಹಳೇದು."

"ಏನ್ ಹಳೇದು?"

ವಿವರಿಸಿದೆ. ಹೇಳಿದಷ್ಟೂ ಅದು ಹುಚ್ಚರ ಮಾತಿನ ಹಾಗೆ ಕೇಳಿಸಿತು. ಅವನಿಗೆ ಅರ್ಥವಾದಂತೆ ಕಾಣಲಿಲ್ಲ.

ಮುದುಕಿಗೆ ಆಯಿತು. "ಅದ್ಕೇ ಮಂಡಿ ನೋವು," ಎಂದರು.

"ಹೂಂ ಅವ್ವ."

"ಎರಡು ವರ್ಸ ಒಬ್ಬರ್ಗೂ ಹೇಳ್ದೆ ಇಟ್ಕಂಡಿದ್ದಾ?"

"ಮನೇಲಿ ಗೊತ್ತು."

ಅವರು ಮಡಿಲಲ್ಲಿದ್ದ ಸಿಪ್ಪೆ ಕೊಡವಿ ಎದ್ದರು. ಹೊರಗೆ ಹೋಗಿ ತೊಟ್ಟಿಯ ನೀರಿನಲ್ಲಿ ಕೈಕಾಲು ತೊಳೆದುಕೊಂಡು ಬಂದರು. ರೇಷ್ಮೆ ಹುಳುವಿನ ಮನೆಗೆ ಹೋಗುವಾಗ ಹಾಗೆ ತೊಳೆಯುವ ಪದ್ಧತಿ, ಹುಳುಗಳು ಹೋಗಿ ಎಷ್ಟೋ ವರ್ಷವಾದರೂ ಅವರ ಕಾಲು ಮರೆತಿರಲಿಲ್ಲ. ನಾನು ಇಟ್ಟಿದ್ದ ಗ್ಲಾಸಿನಲ್ಲಿ ಇನ್ನೂ ಒಂದು ಗುಟುಕು ಇತ್ತು. ಅದನ್ನು ಕೈಗೆತ್ತಿಕೊಂಡರು.

"ಅಮ್ಮಾ, ಶ್ರಾವಣ," ಎಂದ ಮಗ.

"ಗೊತ್ತು ಕಣ್ಲಾ. ಇನ್ನೂ ಹನ್ನೆರಡು ದಿನ ಐತೆ. ನಾನು ಹೇಳ್ಕಂತೀನಿ ದೇವ್ರಿಗೆ. ನಿಂದೇನು ಮಧ್ಯ."

ಅವರು ಗ್ಲಾಸು ಸುತ್ತಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು, ಒಮ್ಮೆ ಮೂಸಿ, ಕೆಳಗಿಟ್ಟರು. "ಹೋಗ್ಬುಟ್ಟೈತೆ."

"ಗ್ಯಾರಂಟೀನಾ ಅಮ್ಮ?"

"ರೋಗದ ತಟ್ಟೆ ಕಂಡಿಲ್ವಾ ನಾನು. ಎತ್ತಿ ಬೇರೆ ಇಡು ಅದನ್ನ."

ಮಗ ಪೈಪನ್ನು ಎಳೆದುಕೊಂಡು ಎರಡನೇ ಪೀಪಾಯಿಯ ಕಡೆಗೆ ಹೋದ. ಅವನ ಬೆನ್ನು ನೋಡಿದರೆ ಮನಸ್ಸಿನಲ್ಲಿ ಬೈಯುತ್ತಿದ್ದಾನೆ ಎಂದು ತಿಳಿಯುತ್ತಿತ್ತು. ಯಾರನ್ನು ಎಂದು ತಿಳಿಯುತ್ತಿರಲಿಲ್ಲ. ನಾನು ಮಗುಚಿದ್ದ ಸ್ಟೂಲೊಂದನ್ನು ನೆಟ್ಟಗೆ ಮಾಡಿಕೊಂಡು ಮೇಜಿನ ಹತ್ತಿರ ಕೂತೆ.

"ಹೆಂಗಿದೆ ಅವ್ವ ಅದರ ವಾಸನೆ?"

ಹುಟ್ಟು ಕುರುಡ ಕೆಂಪು ಅಂದರೇನು ಎಂದು ಕೇಳಿದಾಗ ನೋಡುವ ಹಾಗೆ ಅವರು ನನ್ನನ್ನು ನೋಡಿದರು. ಆಮೇಲೆ ಗ್ಲಾಸನ್ನು ಮತ್ತೆ ತೆಗೆದುಕೊಂಡು, ಈ ಸಲ ನಿಧಾನವಾಗಿ, ಮೂಸಿದರು.

"ಮೇಲ್ಗಡೆ, ಹೆಣ್ಮಕ್ಳು ಉಗುರಿಗೆ ಹಚ್ಕಂತಾರಲ್ಲ, ಆ ಬಣ್ಣದ್ದು. ಮೂಗಿಗೆ ಹೊಡೀತದೆ. ಅದ್ರ ಕೆಳಗೆ ಮಳೇಲಿ ನೆಂದ ಹುಣ್ಸೆಹಣ್ಣು." ಇನ್ನೊಮ್ಮೆ ಮೂಸಿದರು. "ತಳದಾಗೆ ನೀನಂದ ನೇರಳೆ ಐತೆ. ಇಲ್ಲ ಅನ್ನಂಗಿಲ್ಲ. ಮುಳುಗೋಗೈತೆ ಅಷ್ಟೇಯ."

"ಎರಡನೇದು?"

"ಲೋ, ಎರಡನೇದ್ರಾಗೆ ಒಂದಿಷ್ಟು ತತ್ತಾ ಇಲ್ಲಿ," ಎಂದು ಮಗನನ್ನು ಕೂಗಿದರು. "ಮುರಿದಿದ್ದು ಮುರೀತು."

ಅವನು ತಂದುಕೊಟ್ಟ. ಅವರು ಮೂಸಿ ಹೇಳಿದರು, ನಾನು ಕೇಳಿದೆ. ರಾಗಿ ಹುಲ್ಲಿನ ಬಣವೆಯನ್ನು ಮಧ್ಯಾಹ್ನದ ಬಿಸಿಲಲ್ಲಿ ಬಿಚ್ಚಿದ ಹಾಗೆ ಎಂದರು. ಬೆಲ್ಲದ ಪಾಕ ಇಳಿಸುವುದಕ್ಕೆ ಸ್ವಲ್ಪ ಮುಂಚೆ ಹೀಗೇ ಎಂದರು. ಅವರು ಹೇಳಿದ್ದೆಲ್ಲ ನನಗೆ ಗೊತ್ತಿದ್ದ ವಾಸನೆಗಳೇ. ಒಂದೊಂದನ್ನೂ ಮನಸ್ಸಿನಲ್ಲಿ ಹುಡುಕಿ ತೆಗೆದು ನೋಡುತ್ತಿದ್ದೆ. ಇನ್ನೊಂದು ಸಲ ಹೇಳಿ ಎಂದರೆ ಬೇಸರಪಡದೆ ಹೇಳುತ್ತಿದ್ದರು. ಆ ಅರ್ಧ ಗಂಟೆ, ಹಸಿದವನಿಗೆ ಯಾರೋ ಊಟದ ಎಲೆಯನ್ನು ವರ್ಣಿಸಿ ಹೇಳಿದಂತಿತ್ತು. ಹೊಟ್ಟೆ ತುಂಬಲಿಲ್ಲ. ಆದರೂ ಎದ್ದು ಬರಲು ಮನಸ್ಸಾಗಲಿಲ್ಲ.

ಕೊನೆಗೆ ಮಗುವಿನ ವಿಚಾರ ಹೇಳಿದೆ. ಹನ್ನೊಂದು ತಿಂಗಳು ನಡೆಯುತ್ತಿದೆ, ಈಗ ನಾಲ್ಕು ಹಲ್ಲು, ಮುದ್ದೆ ತಿನ್ನಿಸುತ್ತಿದ್ದಾರೆ.

"ನೆತ್ತಿ ವಾಸನೆ ಹೆಂಗಿರ್ತದೆ ಅವ್ವ?"

ಅವರು ಗ್ಲಾಸು ಕೆಳಗಿಟ್ಟರು. ಹೇಳಲು ಬಾಯಿ ತೆರೆದರು. "ಅದು... ಹಾಲು ಅಂದ್ರೆ ಹಾಲಲ್ಲ. ಎಣ್ಣೆ ಹಚ್ತಾರಲ್ಲ, ಅದೂ ಅಲ್ಲ." ಕೈ ಮುಂದೆ ಮಾಡಿ, ಇಲ್ಲದ ಮಗುವೊಂದರ ತಲೆಯನ್ನು ಅಂಗೈಯಲ್ಲಿ ಹಿಡಿದ ಹಾಗೆ ಹಿಡಿದು, ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಕೈ ಇಳಿಸಿ ಕಡಲೆಕಾಯಿ ರಾಶಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಅದ್ನ ಹೇಳಕ್ಕಾಗಲ್ಲ ಕಣಪ್ಪ."

ಇಬ್ಬರೂ ಕಡಲೆಕಾಯಿ ಸುಲಿದೆವು. ಎರಡನೇ ಪೀಪಾಯಿ ಖಾಲಿಯಾಗಿ ಪಂಪು ನಿಂತಿತು. ಹೊರಟಾಗ ಮಗ ಗೇಟಿನ ತನಕ ಬಂದ.

"ಮುಂದಿನ ವರ್ಷಾನೂ ಬನ್ನಿ ಸಾರ್," ಎಂದ. "ಮೂಗು ಇಲ್ದಿದ್ರೂ ಪರವಾಗಿಲ್ಲ. ಮೋಟಾರಾದ್ರೂ ನೋಡಿರಂತೆ."

ಬಾಟಲಿ ಯಂತ್ರ ಮಾರನೆಯ ದಿನ ಹತ್ತು ಗಂಟೆಗೆ ಬಂತಂತೆ. ಒಂದನೆಯ ಮತ್ತು ಎರಡನೆಯ ಪೀಪಾಯಿಯ ವೈನು ಬಾಟಲಿಗೆ ಹೋಯಿತು. ಮೂರನೆಯದು ವಿನೆಗರ್ ಆಯಿತು. ಮೊಮ್ಮಗಳಿಗೆ ಈಗ ಒಂದೂಕಾಲು ವರ್ಷ. ನನಗೆ ವಾಸನೆ ಬರುವುದಿಲ್ಲ.